ನುಂಗಿದ ಕೋಶದಲ್ಲೇ ನೆಲೆಯೂರುವ ಕ್ಷಯ

ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯಲ್ಲಿ ಹುಟ್ಟಲಿ, ಗಡಿಯ ಈಚೆ ಆನೇಕಲ್ಲಿನಲ್ಲಿ ಹುಟ್ಟಲಿ, ಕೂಸಿನ ಎಡತೋಳಿಗೆ ಬಿಸಿಜಿ ಚುಚ್ಚುತ್ತಾರೆ. ತಿಂಗಳೊಳಗಿನ ಮಗುವಾದರೆ 0.05 ಮಿ.ಲೀ. ಸಾಕು. ಕೆಲವು ವಾರಗಳಲ್ಲಿ ಗುಳ್ಳೆಯೆದ್ದು, ಒಡೆದು, ಮಾಯ್ದು ಕಲೆ ಉಳಿಯುತ್ತದೆ. ಎಳೆಯರನ್ನು ಮಿದುಳಿನ ಕ್ಷಯದಿಂದ ಈ ಲಸಿಕೆ ಚೆನ್ನಾಗಿಯೇ ಕಾಯುತ್ತದೆ. ದೊಡ್ಡವರ ಶ್ವಾಸಕೋಶದ ವಿಷಯ ಬಂದಾಗ ಮಾತ್ರ ಕೈಕೊಡುತ್ತದೆ. ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯಲ್ಲಿ 1968ರಲ್ಲಿ ಆರಂಭವಾಗಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಜನರನ್ನು ಒಳಗೊಂಡ ಪರೀಕ್ಷೆ ಬಯಲಿಗೆಳೆದ ಕಹಿ ಸತ್ಯವಿದು.

ಹಾಗಾದರೆ ಮೈಯೊಳಗೆ ನಡೆಯುವುದೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವಲ್ಲಿ, ಪ್ರೊ. ಕಿತ್ತಿಗಾನಹಳ್ಳಿ ನಾರಾಯಣಸ್ವಾಮಿ ಬಾಲಾಜಿ ಬೆನ್ನು ಹತ್ತಿದ್ದು ಈ ಪ್ರಶ್ನೆಯನ್ನೇ. ಸೂಕ್ಷ್ಮಜೀವಿ ಹಾಗೂ ಕೋಶ ಜೀವವಿಜ್ಞಾನ ವಿಭಾಗದ ಈ ಪ್ರಾಧ್ಯಾಪಕರಿಗೆ 2011ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಉಸಿರಿನೊಂದಿಗೆ ಒಳಹೊಕ್ಕ ಕ್ಷಯದ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದ ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣ ನುಂಗುತ್ತದೆ. ನುಂಗಿದ್ದನ್ನು ಪುಟ್ಟ ಚೀಲದಲ್ಲಿಟ್ಟು, ಅದರೊಳಕ್ಕೆ ಆಮ್ಲ, ಕಿಣ್ವ ಸುರಿದು ಅರಗಿಸಿಬಿಡುವುದು ಅದರ ಕಸುಬು. ಕ್ಷಯದ ಬ್ಯಾಕ್ಟೀರಿಯಾ ಆ ಸುರಿತವನ್ನೇ ತಡೆದುಬಿಡುತ್ತದೆ. ಕಳ್ಳ ಕಾವಲುಗಾರನ ಮನೆಯಲ್ಲೇ ಬಿಡಾರ ಹೂಡಿದ ಹಾಗೆ.

ಬಾಲಾಜಿಯವರ ತಂಡ ಕಣ್ಣಿಟ್ಟಿದ್ದು ಕಳ್ಳನಿಗಿಂತ ಹೆಚ್ಚಾಗಿ ಈ ಕಾವಲುಗಾರನ ಮೇಲೆ. ಪ್ರಯೋಗಕ್ಕೆ ಬಳಸಿದ್ದೂ ಹಲವು ಬಾರಿ ಕೂಸುಗಳ ತೋಳಿಗೆ ಚುಚ್ಚುವ ಅದೇ ಬಿಸಿಜಿ ತಳಿಯ ಬ್ಯಾಕ್ಟೀರಿಯಾ. ಅಲ್ಲಿ ಅವರ ಗಮನ ಸೆಳೆದದ್ದು ನಾಚ್ ಎಂಬ ಸಂಕೇತ ವ್ಯವಸ್ಥೆ. ಅದು ಮೊದಲು ಬೆಳಕಿಗೆ ಬಂದದ್ದು ಹಣ್ಣಿನ ನೊಣಗಳ ರೆಕ್ಕೆಯ ಅಂಚಿನ ಕಚ್ಚಿನಿಂದ. ಭ್ರೂಣ ಬೆಳೆಯುವಾಗ ಯಾವ ಕೋಶ ಏನಾಗಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ಅದಕ್ಕೆ ಪಾಲಿದೆ. ಅದಕ್ಕೆ ಕ್ಷಯದಲ್ಲೇನು ಕೆಲಸ ಎನಿಸಬಹುದು. ಬಿಸಿಜಿ ಹೊಕ್ಕ ಮ್ಯಾಕ್ರೊಫೇಜಿನಲ್ಲಿ ನಾಚ್-1 ಚುರುಕಾಗಿ, ಸಾಕ್ಸ್-3 ಎಂಬ ಪ್ರೋಟೀನು ತಯಾರಾಗುತ್ತದೆಂದು 2008ರಲ್ಲಿ ಅವರು ತೋರಿಸಿದರು. ಸಾಕ್ಸ್-3 ರೋಗನಿರೋಧಕ ಸಂಕೇತಗಳಿಗೆ ಬ್ರೇಕ್ ಹಾಕುವ ಪ್ರೋಟೀನು.

ನನಗೆ ಇನ್ನೂ ಕುತೂಹಲದ್ದೆನಿಸಿದ್ದು 2016ರ ಪ್ರಬಂಧ. ಸೋಂಕು ತಗುಲಿದ ಕೆಲವು ಮ್ಯಾಕ್ರೊಫೇಜ್‌ಗಳು ಕೊಬ್ಬಿನ ಹನಿಗಳನ್ನು ತುಂಬಿಕೊಂಡು, ಸೂಕ್ಷ್ಮದರ್ಶಕದಡಿ ನೊರೆನೊರೆಯಾಗಿ ಕಾಣುತ್ತವೆ. ಬ್ಯಾಕ್ಟೀರಿಯಾಕ್ಕೆ ಆ ಕೊಬ್ಬೇ ಊಟ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲಿನ ಒಂದು ರಾಸಾಯನಿಕ ಗುರುತನ್ನು ಅಳಿಸುವ ಜೆಎಂಜೆಡಿ-3 ಎಂಬ ಕಿಣ್ವಕ್ಕೆ ಇದರಲ್ಲಿ ಕೈವಾಡವಿದೆ ಎಂದು ತಂಡ ಕಂಡುಕೊಂಡಿತು. ಯಾವ ವಂಶವಾಹಿ ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಲೆಕ್ಕವೇ ಸೋಂಕಿನಿಂದ ಬದಲಾಗುತ್ತದೆ ಎಂದಾಯಿತು.

ಇಂಥ ಕೆಲಸದಿಂದ ನಾಳೆಯೇ ಮಾತ್ರೆ ಹೊರಬರದು. ಪ್ರತಿ ಸಂಶೋಧನೆಯ ಬೆನ್ನಿಗೂ ‘ಔಷಧಿ ಯಾವಾಗ’ ಎಂದು ಕೇಳುವ ನಮ್ಮ ಪತ್ರಿಕೆಯವರ ಅವಸರಕ್ಕೆ ಇಲ್ಲಿ ಬೆಲೆಯಿಲ್ಲ. ಆದರೆ ಔಷಧಿಗೆ ಜಗ್ಗದ ಕ್ಷಯ ಕಾಡುತ್ತಿರುವಾಗ, ಬ್ಯಾಕ್ಟೀರಿಯಾವನ್ನಷ್ಟೇ ಹೊಡೆಯುವ ಬದಲು ಅದಕ್ಕೆ ಆಸರೆ ಕೊಡುವ ನಮ್ಮದೇ ಕೋಶವನ್ನು ತಿದ್ದುವ ಚಿಕಿತ್ಸೆಗೆ ಬುನಾದಿ ಇಂಥ ತಿಳಿವಳಿಕೆಯೇ.

ಅಲ್ಲಿಯವರೆಗೆ ಕೈಯಲ್ಲಿರುವ ಮದ್ದು ಬಳಸೋಣ. ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧಿಯೂ ಉಚಿತ. ಚಿಕಿತ್ಸೆ ಪಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯನ್ನೂ ಸರ್ಕಾರ ಕೊಡುತ್ತದೆ.