ಬೀರುವಿನಲ್ಲಿರೋ ಹಳೇ ಎಚ್‌ಎಂಟಿ ವಾಚಿಗೆ ಬೆಲೆ ಇದೆಯಾ? ಪಾಲಿಶ್ ಮಾಡಿಸೋ ಮುಂಚೆ ಇದನ್ನು ಓದಿ

ಅಪ್ಪನ ಕಾಲದ, ದಿನಾ ಕೀ ಕೊಡುವ ಎಚ್‌ಎಂಟಿ ವಾಚು ಎಷ್ಟೋ ಮನೆಗಳ ಬೀರುವಿನಲ್ಲಿ ಸುಮ್ಮನೆ ಬಿದ್ದಿದೆ. ಇಂಥ ವಾಚುಗಳನ್ನು ಹುಡುಕಿ ಕೊಳ್ಳುವ ಸಂಗ್ರಹಕಾರರು ದೇಶದಲ್ಲೂ ಹೊರಗೂ ಇದ್ದಾರೆ. ಆದರೆ ಮನೆಯವರು ಸಾಮಾನ್ಯವಾಗಿ ಎರಡು ತಪ್ಪು ಮಾಡ್ತಾರೆ. ಓಡ್ತಿಲ್ಲ ಅಂತ ಗುಜರಿ ರೇಟಿಗೆ ಕೊಡೋದು ಒಂದು. ಹೊಸದರಂತೆ ಕಾಣಲಿ ಅಂತ ಡಯಲ್‌ಗೆ ಬಣ್ಣ ಹಾಕಿಸಿ, ಇದ್ದ ಬೆಲೆಯನ್ನೂ ಕಳೆಯೋದು ಇನ್ನೊಂದು.

ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಂದಿಗೆ ಎಚ್‌ಎಂಟಿ ವಾಚು ತಯಾರಿಕೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಷ್ಟದಲ್ಲಿದ್ದ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಹಳೆಯ ವಾಚುಗಳ ಬೇಡಿಕೆಗೆ ಇದೂ ಒಂದು ಕಾರಣ.

ಯಾವ ಮಾಡೆಲ್?

‘ಜನತಾ’ ಲೆಕ್ಕವಿಲ್ಲದಷ್ಟು ಮಾರಾಟವಾದ ವಾಚು. ಹಾಗಾಗಿ ಬರೀ ಹೆಸರಿಗೇ ದೊಡ್ಡ ಬೆಲೆ ಸಿಗಲ್ಲ, ಸ್ಥಿತಿ ಚೆನ್ನಾಗಿರಬೇಕು. ಕಪ್ಪು ಡಯಲ್‌ನ ‘ಪೈಲಟ್’, ಸೈನಿಕರ ಹೆಸರಿನ ‘ಜವಾನ್’ ಮಾಡೆಲ್‌ಗಳಿಗೆ ಬೇಡಿಕೆ ಹೆಚ್ಚು. ದೇವನಾಗರಿ ಅಂಕಿಗಳ ಡಯಲ್, ಅಂಧರಿಗಾಗಿ ಮಾಡಿದ ಬ್ರೈಲ್ ವಾಚು ಇದ್ದರೆ ಜೋಪಾನ.

ಡಯಲ್ಲೇ ಮುಖ್ಯ

ಅರ್ಧಕ್ಕಿಂತ ಹೆಚ್ಚು ಬೆಲೆ ನಿಂತಿರೋದೇ ಡಯಲ್ ಮೇಲೆ ಅಂದರೂ ತಪ್ಪಿಲ್ಲ. ವಾಚು ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿ. ಕಂಪನಿಯ ಅಚ್ಚು ಸಣ್ಣದಾಗಿ, ಚೂಪಾಗಿ ಇರುತ್ತದೆ. ಅಕ್ಷರ ದಪ್ಪವಾಗಿ ಹರಡಿದ್ದರೆ, ನಿಮಿಷದ ಗೆರೆ ಮತ್ತು ಅಂಕಿ ಒಂದಕ್ಕೊಂದು ಕೂಡದಿದ್ದರೆ, ಹಳೇ ವಾಚಿನಲ್ಲಿ ಡಯಲ್ ಮಾತ್ರ ಫಳಫಳ ಹೊಳೀತಿದ್ದರೆ ಅದು ಮತ್ತೆ ಬಣ್ಣ ಬಳಿದದ್ದು ಇರಬಹುದು. ಇಂಥವನ್ನು ಸಂಗ್ರಹಕಾರರು ‘ರೀಡಯಲ್’ ಅಂತ ಬದಿಗಿಡ್ತಾರೆ. ಸ್ವಲ್ಪ ಹಳದಿಯಾದ, ಚುಕ್ಕೆ ಬಿದ್ದ ಅಸಲಿ ಡಯಲ್ ಅದಕ್ಕಿಂತ ಮೇಲು.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೂ ಇದೇ ಎಚ್ಚರಿಕೆ. ಗಾಢ ಕೆಂಪು, ಗುಲಾಬಿ ಬಣ್ಣದ ‘ಹೊಚ್ಚ ಹೊಸ ಪೈಲಟ್’ ಅಗ್ಗಕ್ಕೆ ಕಂಡರೆ ಅನುಮಾನ ಇರಲಿ.

ಒಳಗೆ, ಹಿಂದೆ

ಹಿಂದಿನ ಮುಚ್ಚಳ, ಮುಳ್ಳು, ಕೀ ಕೊಡುವ ಬಟನ್ ಎಲ್ಲ ಅದೇ ಮಾಡೆಲ್‌ದಾ ಅಂತ ನೋಡಬೇಕು. ಜನತಾ, ಪೈಲಟ್‌ನಂಥ ಹಲವು ಮಾಡೆಲ್‌ಗಳಲ್ಲಿ ಒಂದೇ ಬಗೆಯ ಯಂತ್ರ ಇರುವುದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. ವಾಚು ಓಡುತ್ತದೆ ನಿಜ, ಆದರೆ ನಾಲ್ಕು ವಾಚು ಸೇರಿಸಿ ಮಾಡಿದ್ದಕ್ಕೆ ಬೆಲೆ ಕಮ್ಮಿ. ಕೇಸಿನ ಮೂಲೆಗಳಲ್ಲಿ ಲೇಪ ಸವೆದು ಹಿತ್ತಾಳೆ ಕಂಡರೂ ಬೆಲೆ ಇಳಿಯುತ್ತದೆ.

ನಿಂತುಹೋಗಿದ್ದರೆ?

ಗಾಬರಿ ಬೇಡ. ಎಣ್ಣೆ ಒಣಗಿದ್ದರೆ ಸರ್ವಿಸ್ ಮಾಡಿಸಿದರೆ ಸಾಕು. ನೀರು ಹೋಗಿ ತುಕ್ಕು ಹಿಡಿದಿದ್ದರೆ ಮಾತ್ರ ನಿಜವಾದ ನಷ್ಟ. ಬಲವಂತವಾಗಿ ಕೀ ತಿರುಗಿಸಬೇಡಿ, ಡಯಲ್‌ಗೆ ಬಟ್ಟೆ, ಸ್ಪಿರಿಟ್ ತಾಗಿಸಬೇಡಿ. ಅಚ್ಚೇ ಅಳಿಸಿಹೋಗಬಹುದು.

ಮಾರೋ ಮುಂಚೆ

ಡಬ್ಬಿ, ಬಿಲ್ಲು, ಗ್ಯಾರಂಟಿ ಕಾರ್ಡು ಸಿಕ್ಕರೆ ಎಸೆಯಬೇಡಿ, ಅದಕ್ಕೂ ಬೆಲೆ ಇದೆ. ಜಾಹೀರಾತಿನಲ್ಲಿ ಕೇಳುವ ರೇಟು ಬೇರೆ, ನಿಜಕ್ಕೂ ಮಾರಾಟವಾದ ರೇಟು ಬೇರೆ. ಎರಡನೆಯದನ್ನೇ ನಂಬಿ, ಕನಿಷ್ಠ ಮೂರು ಜನರನ್ನು ಕೇಳಿ.

ರಿಪೇರಿ ಅಂಗಡಿಯವರಿಗೂ ಒಂದು ಮಾತು. ಗಿರಾಕಿ ಡಯಲ್ ಬದಲಿಸಿ ಅಂದರೆ, ಬಿಚ್ಚಿದ ಹಳೇ ಡಯಲ್ಲು, ಮುಳ್ಳನ್ನು ಪೊಟ್ಟಣ ಕಟ್ಟಿ ಅವರ ಕೈಗೇ ಕೊಡಿ. ಮುಂದೊಂದು ದಿನ ಆ ಪೊಟ್ಟಣವೇ ವಾಚಿಗಿಂತ ಹೆಚ್ಚು ಬಾಳಬಹುದು.