ಹಳೆಯ ಕಾರು, ಘಾಟಿಯ ಇಳಿಜಾರು

ಬೆಳಗಾವಿ, ಕೊಲ್ಹಾಪುರ, ಸಾತಾರಾ ಹಾದು ಪುಣೆಗೆ ಬರುವ ಹೆದ್ದಾರಿ ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಇಳಿಯುತ್ತಲೇ ಹೋಗುತ್ತದೆ. 2022ರ ನವೆಂಬರ್ 20ರ ರಾತ್ರಿ ಈ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಅದಕ್ಕೆ ಮೊದಲೂ ಆಮೇಲೂ ಅಲ್ಲಿ ಅಪಘಾತಗಳು ನಿಂತಿಲ್ಲ. ಸುದ್ದಿಯಾಗುವುದು ಲಾರಿಗಳೇ ಆದರೂ ಅದೇ ರಸ್ತೆಯಲ್ಲಿ ವಯಸ್ಸಾದ ಇಂಡಿಕಾ, ಆಲ್ಟೊ, ಸ್ಯಾಂಟ್ರೊಗಳು ಮನೆಮಂದಿಯನ್ನೆಲ್ಲ ತುಂಬಿಕೊಂಡು ಇಳಿಯುತ್ತವೆ. ಇಂಡಿಕಾ ಅಂತೂ ಪುಣೆಯದೇ ಕೂಸು. 1998ರ ಕೊನೆಯಲ್ಲಿ ಬಂದ ಆ ಕಾರಿನ ತಯಾರಿಕೆ 2018ರಲ್ಲಿ ನಿಂತಿತು, ಓಡಾಟ ಮಾತ್ರ ನಿಂತಿಲ್ಲ. ಇಂಥ ಕಾರುಗಳ ಬ್ರೇಕನ್ನು ಉತ್ತಮಪಡಿಸುವುದು ಗ್ಯಾರೇಜಿನ ಕಸುಬುಗಳಲ್ಲೇ ಹೆಚ್ಚು ಜವಾಬ್ದಾರಿಯದು, ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾದದ್ದೂ ಹೌದು. ದೊಡ್ಡ ಡಿಸ್ಕ್, ಕೆಂಪು ಬಣ್ಣದ ಕ್ಯಾಲಿಪರ್ ಕೂರಿಸಿದರೆ ಕಾರು ಬೇಗ ನಿಲ್ಲುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಹಳೆಯ ಸಣ್ಣ ಕಾರಿಗೆ ಮೊದಲು ಬೇಕಾದದ್ದು ಶಾಖ ತಡೆಯುವ ಶಕ್ತಿ ಮತ್ತು ಹಿಂದು–ಮುಂದಿನ ಚಕ್ರಗಳ ನಡುವಿನ ಸಮತೋಲ. ಇವೆರಡೂ ಬಹುಪಾಲು ಸಿಗುವುದು ಕಂಪನಿ ಕೊಟ್ಟ ಬ್ರೇಕನ್ನು ಅದರ ಮೂಲ ಸ್ಥಿತಿಗೆ ತರುವುದರಿಂದಲೇ.

ಬ್ರೇಕ್ ಮಾಡುವ ಕೆಲಸವೆಂದರೆ ಓಟದ ಶಕ್ತಿಯನ್ನು ಶಾಖವಾಗಿಸಿ ಗಾಳಿಗೆ ಬಿಡುವುದು. ಜನರೂ ಸಾಮಾನೂ ಸೇರಿ 1,200 ಕಿಲೋ ತೂಗುವ ಕಾರು 80 ಕಿ.ಮೀ. ವೇಗದಲ್ಲಿದ್ದಾಗ ಅದರ ಶಕ್ತಿ ಸುಮಾರು 3 ಲಕ್ಷ ಜೂಲ್. 40ರಲ್ಲಿ ಅದರ ಕಾಲುಭಾಗವಷ್ಟೇ, ಏಕೆಂದರೆ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಈಗ ಅದೇ ಕಾರು ಖಂಡಾಲಾದಿಂದ ಖೋಪೋಲಿಗೆ ಘಾಟಿ ಇಳಿಯಲಿ. 500 ಮೀಟರ್ ಎತ್ತರ ಕಳೆದುಕೊಂಡರೆ ಬಿಡುಗಡೆಯಾಗುವ ಶಕ್ತಿ 59 ಲಕ್ಷ ಜೂಲ್, ಎಂದರೆ 80ರ ವೇಗದಿಂದ ಇಪ್ಪತ್ತು ಸಲ ಪೂರ್ತಿ ನಿಲ್ಲಿಸಿದಷ್ಟು. ಗಾಳಿ ಒಂದಿಷ್ಟನ್ನು ಹೀರಿಕೊಳ್ಳುತ್ತದೆ, ಗೇರಿನಲ್ಲಿದ್ದರೆ ಎಂಜಿನ್ ದೊಡ್ಡ ಪಾಲನ್ನೇ ಹೊರುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿದವರು ಎಂಜಿನ್ನಿನ ಪಾಲನ್ನೂ ಬ್ರೇಕಿನ ತಲೆಗೇ ಕಟ್ಟುತ್ತಾರೆ. ಊರೊಳಗೆ ಚೆನ್ನಾಗಿಯೇ ಹಿಡಿಯುತ್ತಿದ್ದ ಬ್ರೇಕ್ ಘಾಟಿಯಲ್ಲಿ ಕೈಕೊಡುವುದು ಇದಕ್ಕೇ: ಕೊರತೆ ಇರುವುದು ಒಂದು ಸಲದ ಹಿಡಿತದಲ್ಲಲ್ಲ, ಇಪ್ಪತ್ತನೆಯ ಸಲದ ಹಿಡಿತದಲ್ಲಿ.

ಈ ವ್ಯತ್ಯಾಸವನ್ನು ಅಳೆಯುವ ಸಂಸ್ಥೆ ಪುಣೆಯಲ್ಲೇ ಇದೆ. ವೇತಾಳ ಗುಡ್ಡದ ಮೇಲೆ ನೆಲೆಸಿರುವ, 1966ರಲ್ಲಿ ಹುಟ್ಟಿದ ಭಾರತೀಯ ವಾಹನ ಸಂಶೋಧನಾ ಸಂಘವನ್ನು ಜನ ಕರೆಯುವುದು ಎಆರ್‌ಎಐ ಎಂದು. ಗುಡ್ಡದ ಆ ಭಾಗಕ್ಕೂ ಎಆರ್‌ಎಐ ಟೇಕಡಿ ಎಂಬ ಹೆಸರೇ ನಿಂತಿದೆ. ಹೊಸ ಮಾದರಿಯ ವಾಹನ ಮಾರಾಟಕ್ಕೆ ಬರುವ ಮೊದಲು ಕೇಂದ್ರ ಮೋಟಾರು ವಾಹನ ನಿಯಮ 126ರಂತೆ ಅದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ಇದೂ ಒಂದು. ನಮ್ಮ ಬ್ರೇಕ್ ಮಾನದಂಡ ಐಎಸ್ 11852 ರೂಪುಗೊಂಡದ್ದು ವಿಶ್ವಸಂಸ್ಥೆಯ ಯುರೋಪ್ ಆಯೋಗದ 13ನೇ ನಿಯಮದ ಜಾಡಿನಲ್ಲಿ. ಆ ನಿಯಮದಲ್ಲಿ ಕಾರಿನ ಬ್ರೇಕನ್ನು ತಣ್ಣಗಿದ್ದಾಗ ಒಮ್ಮೆ ಪರೀಕ್ಷಿಸುತ್ತಾರೆ. ಆಮೇಲೆ 45 ಸೆಕೆಂಡಿಗೊಮ್ಮೆಯಂತೆ ಹದಿನೈದು ಸಲ ಒತ್ತಿ ಕಾಯಿಸಿ ಮತ್ತೆ ನೋಡುತ್ತಾರೆ. ಕಾದ ಬ್ರೇಕ್ ತಣ್ಣಗಿದ್ದಾಗಿನ ಶಕ್ತಿಯಲ್ಲಿ ಕನಿಷ್ಠ ಶೇ. 60ರಷ್ಟನ್ನಾದರೂ ಉಳಿಸಿಕೊಂಡಿರಬೇಕು. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲೇ ಬಿಗಿದುಕೊಳ್ಳಬಾರದೆಂಬ ಷರತ್ತೂ ಇದೆ. ಅಂದರೆ ಪರೀಕ್ಷೆಗೆ ಕೂರುವುದು ಬಿಡಿ ಡಿಸ್ಕ್ ಅಲ್ಲ. ಪೆಡಲ್, ಬೂಸ್ಟರ್, ಮಾಸ್ಟರ್ ಸಿಲಿಂಡರ್, ಪೈಪು, ನಾಲ್ಕೂ ಚಕ್ರ, ಟೈರು ಎಲ್ಲ ಸೇರಿದ ಒಂದು ವ್ಯವಸ್ಥೆ.

ದೊಡ್ಡ ಡಿಸ್ಕಿನ ಪ್ರಶ್ನೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಇರುವ ಬ್ರೇಕೇ ಚಕ್ರವನ್ನು ಪೂರ್ತಿ ಬಿಗಿಯುವಷ್ಟು ಬಲವಾಗಿದ್ದರೆ, ಡಿಸ್ಕ್ ಎಷ್ಟು ದೊಡ್ಡದಾದರೂ ಒಂದು ಸಲದ ನಿಲುಗಡೆಯ ದೂರ ಕಡಿಮೆಯಾಗದು. ದೊಡ್ಡ ಡಿಸ್ಕಿನ ನಿಜವಾದ ಲಾಭ ಹೆಚ್ಚು ಶಾಖ ತಾಳುವುದು. ಆ ಲಾಭಕ್ಕೆ ಬೆಲೆಯೂ ಇದೆ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಅದಕ್ಕೆ ಬೇಕಾದ ಬ್ರೇಕ್ ಆಯಿಲನ್ನು ಹಳೆಯ ಮಾಸ್ಟರ್ ಸಿಲಿಂಡರ್ ಒಂದೇ ಒತ್ತಿಗೆ ತಳ್ಳಲಾರದು, ಪೆಡಲ್ ಆಳಕ್ಕಿಳಿಯುತ್ತದೆ. ಆಲ್ಟೊದಂಥ ಕಾರಿನ 12 ಇಂಚಿನ ಚಕ್ರದೊಳಗೆ ದೊಡ್ಡ ಡಿಸ್ಕ್ ಹಿಡಿಯುವುದೂ ಇಲ್ಲ. ಹಿಂದಿನ ಡ್ರಮ್ ಕಿತ್ತು ಡಿಸ್ಕ್ ಹಾಕಿಸುವುದು ಇನ್ನೂ ಅಪಾಯ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಭಾಗ ಹಗುರವಾಗಿರುತ್ತದೆ, ಅಲ್ಲಿ ಬಿಗಿ ಜಾಸ್ತಿಯಾದರೆ ಮಳೆಯಲ್ಲಿ ಕಾರು ಗಿರಕಿ ಹೊಡೆಯುತ್ತದೆ. ಹಾಗಾದರೆ ಡ್ರಮ್ ಹಳೆಯ ಕಾಲದ್ದಲ್ಲವೇ, ಡಿಸ್ಕೇ ಮೇಲಲ್ಲವೇ ಎಂದು ಕೇಳಬಹುದು. ಮುಂದಿನ ಚಕ್ರಗಳ ಮಟ್ಟಿಗೆ ನಿಸ್ಸಂದೇಹವಾಗಿ ಹೌದು. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಡಿಸ್ಕಿಗೆ ಆ ತೊಂದರೆಯಿಲ್ಲ. ಆದರೆ ಡ್ರಮ್ಮಿನ ಒಂದು ಶೂ ಚಕ್ರದ ತಿರುಗಾಟಕ್ಕೆ ಸಿಕ್ಕಿ ತಾನಾಗಿಯೇ ಇನ್ನಷ್ಟು ಬಿಗಿಯಾಗುತ್ತದೆ. ಆ ಸಹಾಯ ಡಿಸ್ಕಿನಲ್ಲಿಲ್ಲದ್ದರಿಂದ, ನಾಲ್ಕೂ ಕಡೆ ಡ್ರಮ್ ಇರುವ ಪ್ರೀಮಿಯರ್ ಪದ್ಮಿನಿಯಂಥ ಕಾರಿಗೆ ಬೂಸ್ಟರ್ ಇಲ್ಲದೆ ಬರೀ ಡಿಸ್ಕ್ ಹಾಕಿದರೆ ಚಾಲಕ ಮೊದಲಿಗಿಂತ ಬಲವಾಗಿ ತುಳಿಯಬೇಕಾಗುತ್ತದೆ. ಒಂದು ವಿನಾಯಿತಿ ಮಾತ್ರ ನ್ಯಾಯವಾದದ್ದು: ಅದೇ ಮಾದರಿಯ ಮೇಲಿನ ಶ್ರೇಣಿಗೆ ಕಂಪನಿಯೇ ಗಾಳಿಯಾಡುವ ಡಿಸ್ಕ್ ಕೊಟ್ಟಿದ್ದರೆ, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಸಮೇತ ಆ ಇಡೀ ಜೋಡಣೆಯನ್ನು ತಂದು ಕೂರಿಸುವುದು. ಅದರ ಹೊಂದಾಣಿಕೆಯನ್ನು ಯಾರೋ ಆಗಲೇ ಪರೀಕ್ಷಿಸಿರುತ್ತಾರೆ.

ಉಳಿದದ್ದೆಲ್ಲ ತಾಳ್ಮೆಯ ಕೈಕೆಲಸ. ಪುಣೆಯ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಿರಲಿ, ಹುಬ್ಬಳ್ಳಿಯ ಗ್ಯಾರೇಜ್ ಇರಲಿ, ಬಲ್ಲ ಮೆಕ್ಯಾನಿಕ್ ಮೊದಲು ಅಳೆಯುತ್ತಾನೆ, ಆಮೇಲೆ ಸಾಮಾನು ಬರೆದುಕೊಡುತ್ತಾನೆ. ಡಿಸ್ಕಿನ ಮೇಲೆ ಸಾಮಾನ್ಯವಾಗಿ ಅದರ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಸವೆದಿದ್ದರೆ ಲೇತಿಗೆ ಕೊಟ್ಟು ನುಣುಪು ಮಾಡಿಸುವುದು ತಪ್ಪು, ಹೊಸದೇ ಬೇಕು. ಕ್ಯಾಲಿಪರಿನ ಜಾರುವ ಪಿನ್ನು ತುಕ್ಕು ಹಿಡಿದಿದ್ದರೆ ಒಂದೇ ಪ್ಯಾಡ್ ಸವೆದು ಕಾರು ಒಂದು ಬದಿಗೆ ಎಳೆಯುತ್ತದೆ. ಆ ಪಿನ್ನು ತೊಳೆದು ಶಾಖ ತಾಳುವ ಗ್ರೀಸ್ ಹಚ್ಚುವುದು ಅಗ್ಗದ ಕೆಲಸ, ಫಲ ಮಾತ್ರ ದೊಡ್ಡದು. ಹಳೆಯ ರಬ್ಬರ್ ಹೋಸು ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒತ್ತಿದಾಗ ಉಬ್ಬಿ ಒತ್ತಡವನ್ನು ನುಂಗಿಬಿಡುತ್ತದೆ. ಹಿಂದಿನ ವೀಲ್ ಸಿಲಿಂಡರ್ ಒಸರಿ ಲೈನರ್ ನೆನೆದಿದ್ದರೆ ಮುಂದೆ ಎಂಥ ಡಿಸ್ಕ್ ಹಾಕಿದರೂ ಹಣ ವ್ಯರ್ಥ. ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಸದಾ ಹೀರುತ್ತಿರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ನೀರು ಸೇರಿದ ಮೇಲೆ 140 ಸಾಕು. ಡಾಟ್ 4ರಲ್ಲಿ ಇದೇ ಲೆಕ್ಕ 230 ಮತ್ತು 155. ಕುದಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಹಳೆಯದನ್ನೆಲ್ಲ ಹೊರಹಾಕಿ, ಡಾಟ್ 4 ತುಂಬಿ, ಏರ್ ತೆಗೆಸುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಘಾಟಿಗೆ ಇಷ್ಟು ರಕ್ಷಣೆ ಕೊಡುವ ಸುಧಾರಣೆ ಇನ್ನೊಂದಿಲ್ಲ. ಹೊಸ ಪ್ಯಾಡನ್ನೂ ಖಾಲಿ ರಸ್ತೆಯಲ್ಲಿ ಹದವಾಗಿ ಹಲವು ಸಲ ಒತ್ತಿ, ನಡುವೆ ತಣಿಯಲು ಬಿಟ್ಟು, ಡಿಸ್ಕಿಗೆ ಹೊಂದಿಸಬೇಕು. ಹಾಕಿದ ದಿನವೇ ಘಾಟಿ ಇಳಿಯಬಾರದು.

ಹದಿನೈದು ವರ್ಷದ ಕಾರಿಗೆ ಇಷ್ಟು ಖರ್ಚು ಯಾಕೆ, ಮಾರಿಬಿಡಬಾರದೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಮಾರಿದ ಕಾರು ರಸ್ತೆಯಿಂದ ಮಾಯವಾಗುವುದಿಲ್ಲ. ಇನ್ನೂ ಕಡಿಮೆ ಹಣವುಳ್ಳ ಕುಟುಂಬದ ಕೈಗೆ ಅದೇ ಬ್ರೇಕಿನೊಂದಿಗೆ ಹೋಗುತ್ತದೆ. ಹದಿನೈದು ವರ್ಷವಾದ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಲು ಕಾನೂನೇ ಅವಕಾಶ ಕೊಟ್ಟಿರುವಾಗ, ಅದನ್ನು ಸುರಕ್ಷಿತವಾಗಿ ಇಡುವುದು ಮಾಲೀಕನ ಕರ್ತವ್ಯ. ಮೂಲ ಅಳತೆಯ ಬಿಡಿಭಾಗ ಹಾಕಿಸುವವರಿಗೆ ಕಾನೂನಿನ ತೊಡಕೂ ಇಲ್ಲ. ಮನಸ್ಸಿಗೆ ಬಂದಂತೆ ಮಾರ್ಪಡಿಸುವವರು ಮಾತ್ರ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿಡಬೇಕು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ವಾಹನ ಬೇರೆಯಾಗಬಾರದೆಂಬ ಅದರ ಆಶಯವನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಈ ಕಸುಬಿಗೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ, ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಅನ್ನು ಹಳೆಯ ಕಾರಿಗೆ ಗ್ಯಾರೇಜಿನಲ್ಲಿ ಜೋಡಿಸಲಾಗದು. ಸೆನ್ಸರ್, ಪಂಪು, ಕಂಪ್ಯೂಟರ್ ಎಲ್ಲವನ್ನೂ ಆ ಕಾರಿಗೆಂದೇ ಹೊಂದಿಸಿರಬೇಕಾಗುತ್ತದೆ. ಎಬಿಎಸ್ ಇಲ್ಲದ ಕಾರಿನಲ್ಲಿ ಚಕ್ರ ಬಿಗಿದು ಜಾರುವ ಕ್ಷಣವನ್ನು ಮುಂದೂಡಬಲ್ಲದ್ದು ಒಳ್ಳೆಯ ಟೈರು ಮಾತ್ರ. ಹಾಗಾಗಿ ಬ್ರೇಕಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಅಲ್ಲಿಗೂ ಹೋಗಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರ್ ಗಟ್ಟಿಯಾಗಿರುವ ಅಂಥ ಟೈರಿನಲ್ಲಿ ಕಚ್ಚು ಎಷ್ಟೇ ಉಳಿದಿದ್ದರೂ ಬದಲಾಯಿಸಿ.