ಹಳೆಯ ಬೈಕಿಗೆ ಹೊಸ ಬಣ್ಣ: ಹೊಡೆಯುವುದು ಎಲ್ಲಿ?

ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಬೈಕನ್ನು ಹೊರಗೆಳೆದು, ಅದನ್ನು ಮತ್ತೆ ಮೊದಲಿನಂತೆ ಮಾಡಬೇಕೆಂದು ಪಣ ತೊಡುವವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ನಮ್ಮ ಕಡೆ ಆ ಬೈಕು ಜಾವಾ ಇಲ್ಲವೇ ಯೆಜ್ಡಿ ಆಗಿದ್ದರೆ ಆಶ್ಚರ್ಯವಿಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇವನ್ನು ತಯಾರಿಸಿತು. ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಹುಡುಕಿದರೆ ಬಿಡಿಭಾಗ ಸಿಗುತ್ತದೆ, ಕೈ ಪಳಗಿದ ಮೆಕ್ಯಾನಿಕ್ ಸಿಗುತ್ತಾನೆ. ಸಿಗದೆ ಸತಾಯಿಸುವುದು ಜಾಗ.

ನನ್ನ ಬಳಿ ಇರುವುದು ಸೋದರಮಾವನಿಂದ ಬಂದ 1978ರ ಯೆಜ್ಡಿ. ಬಣ್ಣದ ವಿಷಯ ತೆಗೆದರೆ ಸಾಕು, ಯಾವ ಕಂಪನಿಯದು, ಲೀಟರಿಗೆ ಎಷ್ಟು, ಎಷ್ಟು ಕೋಟು ಎಂದು ಹತ್ತು ಜನ ಕೇಳಿದರು. ಎಲ್ಲಿ ಹೊಡೆಯುತ್ತೀರಿ ಎಂದು ಕೇಳಿದವರು ಒಬ್ಬರೇ, ನಮ್ಮೂರಿನ ಹಳೆಯ ಪೇಂಟರ್. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ತಿಳಿಯಬೇಕಾದ್ದು, ಇದು ಒಂದು ಕೆಲಸವಲ್ಲ, ಎರಡು. ಬಿಚ್ಚುವುದು, ತುಕ್ಕು ತೆಗೆಯುವುದು, ಪುಟ್ಟಿ ಹಾಕಿ ಉಜ್ಜುವುದು ಒಂದು. ಗನ್ನು ಹಿಡಿದು ಬಣ್ಣ ಹೊಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಮನೆಯ ಪೋರ್ಟಿಕೋ ಸಾಕು. ಬೈಕಾದರೆ ಹತ್ತು ಅಡಿಗೆ ಹನ್ನೆರಡು ಅಡಿ ಇದ್ದರೆ ಕೈಕಾಲು ಆಡುತ್ತದೆ. ಅಂಬಾಸಡರ್ ಕಾರಿನಂಥದಾದರೆ ಅದೇ ಹದಿನಾಲ್ಕು ಅಡಿಗಿಂತ ಉದ್ದ. ಸುತ್ತ ನಾಲ್ಕು ನಾಲ್ಕು ಅಡಿ ಓಡಾಡಲು ಬಿಟ್ಟರೆ ಸಣ್ಣ ಮನೆಯಷ್ಟು ನೆಲ ಬೇಕು.

ಪೋರ್ಟಿಕೋ ಸಾಕು ಎಂದೆನಾದರೂ ಅಲ್ಲಿ ಮಕ್ಕಳು ಆಡುತ್ತಿದ್ದರೆ ಕಷ್ಟ. ಹಳೆಯ ವಾಹನದ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಉಫ್ ಎಂದು ಊದುವ ನಮ್ಮ ಗ್ಯಾರೇಜುಗಳ ಅಭ್ಯಾಸ ಬಹಳ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬೇಕು. ಹಳೆಯ ಬಣ್ಣವನ್ನೂ ಒಣಗಿದ್ದಂತೆಯೇ ಉಜ್ಜದೆ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಬೇಕು. ಹರಿದ ಕೆಸರು ಬಾವಿಕಟ್ಟೆಯ ಕಡೆಗೋ ತುಳಸಿಕಟ್ಟೆಯ ಕಡೆಗೋ ಹೋಗದಂತೆ ಕೆಳಗೆ ಹಳೆಯ ಟಾರ್ಪಾಲು ಹಾಸಬೇಕು. ಪೆಟ್ರೋಲ್ ಟ್ಯಾಂಕಿನ ತೂತಿಗೆ ಮನೆಯಲ್ಲಿ ಬೆಸುಗೆ ಹಾಕಿಸುವ ಮಾತು ಬೇಡವೇ ಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯಕಾರಿ. ಅದರೊಳಗೆ ಆವಿಯೂ ಇದೆ, ಗಾಳಿಯೂ ಇದೆ.

ಇನ್ನು ಎರಡನೆಯ ಕೆಲಸ. ಇದಕ್ಕಾಗಿ ನಾನು ನಾಲ್ಕು ತಿಂಗಳು ಜಾಗ ನೋಡಿದೆ. ನಮ್ಮದು ಮಲೆನಾಡಿನ ಅಂಚಿನ ಊರು. ಸ್ನೇಹಿತರೊಬ್ಬರ ತಗಡಿನ ಶೆಡ್ಡು ಮೊದಲು ಸಿಕ್ಕಿತು. ಮಧ್ಯಾಹ್ನ ಅದು ಒಲೆ. ಬಣ್ಣದ ಹನಿ ಗನ್ನಿನಿಂದ ಹೊರಟು ಲೋಹ ಮುಟ್ಟುವ ಮೊದಲೇ ಅರ್ಧ ಒಣಗಿ, ಟ್ಯಾಂಕಿನ ಮೇಲೆ ರವೆ ಚೆಲ್ಲಿದಂತೆ ಕೂರುತ್ತದೆ. ರಾತ್ರಿ ಅದೇ ತಗಡಿನ ಅಡಿಯಲ್ಲಿ ಇಬ್ಬನಿ ಕಟ್ಟಿ ತೊಟ್ಟಿಕ್ಕುತ್ತದೆ. ಮುಚ್ಚಿದ ಅಕ್ಕಿ ಗಿರಣಿಯೊಂದನ್ನೂ ನೋಡಿದೆ. ಒಳ್ಳೆಯ ಎತ್ತರ, ಸಿಮೆಂಟಿನ ನೆಲ, ಬೆಳಕು, ಎಲ್ಲ ಇತ್ತು. ತೊಲೆಗಳ ಮೇಲೆ ಇಪ್ಪತ್ತು ವರ್ಷದ ತೌಡೂ ಇತ್ತು. ಬಾಗಿಲು ಜೋರಾಗಿ ಹಾಕಿದರೆ ಸಾಕು, ಮೇಲಿನಿಂದ ಅಕ್ಷತೆ. ಪಕ್ಕದ ಮನೆಯವರ ಖಾಲಿ ಕೊಟ್ಟಿಗೆಯನ್ನು ಅಟ್ಟದ ಮೇಲಿನ ಹುಲ್ಲು ನೋಡಿಯೇ ಬಿಟ್ಟೆ.

ಧೂಳಿಗಿಂತ ಮೋಸ ಮಾಡುವುದು ತೇವ. ನಮ್ಮ ಗ್ಯಾರೇಜುಗಳಲ್ಲಿ ಡ್ಯೂಕೊ ಎಂದು ಕರೆಯುವ ಬಣ್ಣ ನೈಟ್ರೋಸೆಲ್ಯುಲೋಸ್ ಜಾತಿಯದು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಇಟ್ಟ ವ್ಯಾಪಾರದ ಹೆಸರು ಜಾತಿಯ ಹೆಸರೇ ಆಗಿಬಿಟ್ಟಿತು. ಅದರ ತಿನ್ನರ್ ಬೇಗ ಆರುತ್ತದೆ. ಆರುವಾಗ ಮಣ್ಣಿನ ಮಡಕೆಯ ನೀರು ತಣ್ಣಗಾಗುವಂತೆಯೇ ಬಣ್ಣದ ಪದರವೂ ತಣ್ಣಗಾಗುತ್ತದೆ. ಗಾಳಿಯ ಉಷ್ಣತೆ 25 ಡಿಗ್ರಿ, ತೇವಾಂಶ ನೂರಕ್ಕೆ 80 ಇದ್ದರೆ, ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 21 ಡಿಗ್ರಿ. ಅಂದರೆ ಮೇಲ್ಮೈ ಬರೀ ನಾಲ್ಕು ಡಿಗ್ರಿ ತಣ್ಣಗಾದರೆ ಸಾಕು, ಅದರ ಮೇಲೆ ಕಣ್ಣಿಗೆ ಕಾಣದ ನೀರು ಕೂತು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಅದೇ ಉಷ್ಣತೆಯಲ್ಲಿ ತೇವಾಂಶ 50 ಇದ್ದರೆ 14 ಡಿಗ್ರಿಯವರೆಗೆ ಭಯವಿಲ್ಲ. ಆದ್ದರಿಂದ ಜಾಗದ ಜೊತೆಗೆ ಕಾಲವನ್ನೂ ನೋಡಬೇಕು. ನಮ್ಮ ಕಡೆ ದೀಪಾವಳಿಯಿಂದ ಶಿವರಾತ್ರಿಯವರೆಗೆ, ಅದೂ ಬೆಳಗಿನ ಮಂಜು ಪೂರ್ತಿ ಹರಿದ ಮೇಲೆ. ಬಯಲುಸೀಮೆಯವರಿಗೆ ತೇವದ ತೊಂದರೆ ಕಡಿಮೆ, ಆದರೆ ಆಷಾಢದ ಗಾಳಿಯಲ್ಲಿ ಅವರೂ ಗನ್ನು ಮುಟ್ಟಬಾರದು. ಒಣ ಬಲ್ಬು, ಒದ್ದೆ ಬಲ್ಬಿನ ಉಷ್ಣಮಾಪಕ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇದ್ದರೆ ಮೇಷ್ಟ್ರನ್ನು ಕೇಳಿ ನೋಡಿ. ಅದನ್ನು ಕೇಳಿಕೊಂಡು ಯಾರಾದರೂ ಬಂದರೆ ನಮಗೂ ಸಂತೋಷ.

ಧೂಳು ಏಳದಿರಲೆಂದು ಪೇಂಟರುಗಳು ನೆಲಕ್ಕೆ ನೀರು ಚಿಮುಕಿಸುತ್ತಾರೆ. ಒಳ್ಳೆಯದೇ. ಆದರೆ ಮುಚ್ಚಿದ ಕೋಣೆಯಲ್ಲಿ ಬಿಂದಿಗೆಗಟ್ಟಲೆ ಸುರಿದರೆ ಆ ನೀರೇ ತೇವವಾಗಿ ಬಣ್ಣಕ್ಕೆ ಮುಟ್ಟುತ್ತದೆ. ಕಂಪ್ರೆಸರ್ ಒಳಗೂ ನೀರು ಕಟ್ಟುತ್ತದೆ; ಕೆಲಸಕ್ಕೆ ಮೊದಲು ಕೆಳಗಿನ ನಲ್ಲಿ ತೆರೆದು ಬಿಟ್ಟುಬಿಡಬೇಕು, ಗನ್ನಿನ ಹತ್ತಿರ ನೀರು ತಡೆಯುವ ಸೋಸುಕ ಇರಬೇಕು. ಕಂಪ್ರೆಸರ್ ಇಡಬೇಕಾದ್ದು ಕೋಣೆಯ ಹೊರಗೆ.

ಹೊರಗೇ ಏಕೆಂದರೆ, ಬೆಂಕಿ. ತಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲೀನ್ ಎಂಬ ದ್ರವದ ಅಣುತೂಕ 92, ಗಾಳಿಯದು ಸರಾಸರಿ 29. ಭಾಗಿಸಿ ನೋಡಿ, ಅದರ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಅದು ಮೇಲಿನ ಕಿಟಕಿಯಿಂದ ಹೋಗಿಬಿಡುತ್ತದೆ ಎಂದುಕೊಳ್ಳುವುದು ತಪ್ಪು. ನೆಲದ ಮೇಲೆ ಹರಿದು, ಹೊಸ್ತಿಲು ದಾಟಿ, ಬಚ್ಚಲೊಲೆಯವರೆಗೂ ಹೋಗಬಲ್ಲದು. ಹತ್ತು ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಒಂದೂವರೆ ಲೀಟರ್ ಟಾಲೀನ್ ಆವಿಯಾಗಿ ಸಮನಾಗಿ ಹರಡಿದರೆ ಕೋಣೆ ಇಡೀ ಹೊತ್ತಿಕೊಳ್ಳುವ ಮಟ್ಟಕ್ಕೆ ಬರುತ್ತದೆ. ನೆಲದ ಹತ್ತಿರ ಸೇರಿಕೊಂಡರೆ ಅಷ್ಟೂ ಬೇಡ. ಆದ್ದರಿಂದ ಗಾಳಿ ಹೊರಹೋಗುವ ದಾರಿ ಕೆಳಗಿರಬೇಕು. ದೀಪ, ಫ್ಯಾನು ಏನಿದ್ದರೂ ಬಣ್ಣದ ಡಬ್ಬ ತೆರೆಯುವ ಮೊದಲೇ ಹಾಕಿ, ಕೋಣೆ ಪೂರ್ತಿ ಗಾಳಿಯಾಡುವವರೆಗೆ ಸ್ವಿಚ್ಚು ಮುಟ್ಟಬಾರದು. ಬೀಡಿ ಸೇದುವ ಸಹಾಯಕನನ್ನು ಅಂದು ಸಂತೆಗೆ ಕಳಿಸಿ.

ಈಗ ಆ ಪೇಂಟರ್ ಮಾತು. 'ಮೇಷ್ಟ್ರೇ, ನೀವು ಡ್ಯೂಕೊ ಹೊಡೀತೀರೋ, ಎರಡು ಡಬ್ಬದ್ದೋ?' ಎಂದರು. ಎರಡು ಡಬ್ಬದ್ದೆಂದರೆ ಬಣ್ಣಕ್ಕೆ ಹಾರ್ಡನರ್ ಬೆರೆಸುವ ಪಾಲಿಯುರೆಥೇನ್. ಹೊಳಪು ಹೆಚ್ಚು, ಪೆಟ್ರೋಲ್ ಬಿದ್ದರೂ ಸುಲಭಕ್ಕೆ ಏಳುವುದಿಲ್ಲ. ನಾನು ಎರಡನೆಯದೆಂದೆ. 'ಹಾಗಾದ್ರೆ ಮನೇಲಿ ಬೇಡಿ. ನಾನು ಕರ್ಚೀಫು ಕಟ್ಟಿಕೊಂಡೇ ಹೊಡೆದೆ. ಈಗ ಅಂಗಡಿ ಮುಂದೆ ಯಾರಾದ್ರೂ ಗನ್ನು ಹಿಡಿದ್ರೂ ಉಸಿರು ಕಟ್ಟುತ್ತೆ.' ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುವ ಮನುಷ್ಯ ಹೇಳಿದ ಮಾತು ಇದು.

ಆ ಹಾರ್ಡನರಿನಲ್ಲಿರುವುದು ಐಸೊಸೈನೇಟ್. 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸೈನೇಟ್ ಇದೇ ಕುಲದ್ದು, ಆದರೆ ಇದೇ ವಸ್ತುವಲ್ಲ. ಹಾಗೆಂದು ಹೆದರಿಸುವುದು ಸರಿಯಲ್ಲ. ನಿಜವಾದ ಅಪಾಯ ಬೇರೆ. ಅದರ ಮಂಜು ಉಸಿರಿಗೆ ಸೇರಿ ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ, ಮುಂದೆ ಲವಲೇಶ ತಾಗಿದರೂ ಆಸ್ತಮಾ ಕೆರಳುತ್ತದೆ. ವಾಸನೆಯಿಂದ ಎಚ್ಚರ ಸಿಗುವುದಿಲ್ಲ. ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿ ಮೀರಿರುತ್ತದೆ. ಕರ್ಚೀಫು, ಔಷಧಿ ಅಂಗಡಿಯ ಮಾಸ್ಕು ಯಾವುದೂ ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡ ಬೇಕು, ಮಂಜನ್ನು ಎಳೆದು ಸೋಸುವ ಬೂತ್ ಬೇಕು. ಪೋರ್ಟಿಕೋದಲ್ಲಿ ಹೊಡೆದರೆ ಹೊಡೆಯುವವನ ಜೊತೆ ಒಳಗೆ ಮಲಗಿದ ಮಗುವೂ ಉಸಿರಾಡುತ್ತದೆ, ಕಾಂಪೌಂಡಿನಾಚೆಯ ಮನೆಯವರೂ ಉಸಿರಾಡುತ್ತಾರೆ.

ನಾನು ಹಾಗಾಗಿ ಕೆಲಸವನ್ನು ಒಡೆದೆ. ಬಿಚ್ಚಿ, ಉಜ್ಜಿ, ಪುಟ್ಟಿ ಹಾಕುವುದೆಲ್ಲ ಮನೆಯಲ್ಲಾಯಿತು. ಫ್ರೇಮು, ಟ್ಯಾಂಕು, ಮಡ್‌ಗಾರ್ಡುಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಜಿಲ್ಲಾ ಕೇಂದ್ರದ ಬೂತ್ ಇರುವ ಗ್ಯಾರೇಜಿಗೆ ಲಗೇಜ್ ಆಟೋದಲ್ಲಿ ಸಾಗಿಸಿದೆ. ಹೋಗುವ ಮೊದಲು ಬರೀ ಎರಡು ಪ್ರಶ್ನೆ ಕೇಳಿದೆ: ಸೋಸುಕ ಯಾವಾಗ ಬದಲಾಯಿಸಿದಿರಿ, ನಿಮ್ಮ ಹುಡುಗ ಏನು ಹಾಕಿಕೊಂಡು ಹೊಡೆಯುತ್ತಾನೆ. ಎರಡನೆಯದಕ್ಕೆ ಮುಖವಾಡ ತೆಗೆದು ತೋರಿಸಿದವರಿಗೆ ಕೆಲಸ ಕೊಟ್ಟೆ. ಮೊದಲು ಹೋದ ಇನ್ನೊಂದು ಕಡೆ ಅದೇ ಪ್ರಶ್ನೆಗೆ ನಕ್ಕಿದ್ದರು.

ಬಣ್ಣ ಬದಲಾಯಿಸುವವರು ಆರ್.ಸಿ.ಯಲ್ಲಿ ಬರೆದಿರುವ ಬಣ್ಣವನ್ನೂ ಬದಲಾಯಿಸಿಕೊಳ್ಳಬೇಕು. ನಾನು ಮೊದಲಿನ ಬಣ್ಣವನ್ನೇ ಹಾಕಿಸಿದ್ದರಿಂದ ಆ ಓಡಾಟ ತಪ್ಪಿತು. ಟ್ಯಾಂಕು ಈಗ ಜಗಲಿಯ ಮೇಲೆ ಹಳೆಯ ಪಂಚೆ ಹೊದ್ದು ಕೂತಿದೆ. ಜೋಡಿಸುವುದು ಬಾಕಿ. ಜಗಲಿ ಖಾಲಿ ಮಾಡಲು ಮನೆಯವರು ಯುಗಾದಿಯವರೆಗೆ ಗಡುವು ಕೊಟ್ಟಿದ್ದಾರೆ.